ಗಿಟ್ ಲಾಗ್: ಕಣ್ಣಿಗೊಂದು ರೂಪ, ಸ್ಕ್ರಿಪ್ಟಿಗೊಂದು ರೂಪ

ಗಿಟ್ ಎಂಬುದು ಕಡತಗಳ ಬದಲಾವಣೆಯ ಇತಿಹಾಸವನ್ನು ಕಾಯ್ದಿಡುವ ತಂತ್ರಾಂಶ; ಅದರಲ್ಲಿ ದಾಖಲಾದ ಒಂದೊಂದು ಬದಲಾವಣೆಯೂ ಒಂದು ಕಮಿಟ್, ಆ ದಾಖಲೆಗಳನ್ನು ತೋರಿಸುವ ಕಮಾಂಡ್ ‘ಗಿಟ್ ಲಾಗ್’. ಟರ್ಮಿನಲ್ಲಿನಲ್ಲಿ ‘ಗಿಟ್ ಲಾಗ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಪ್ರತಿ ಕಮಿಟ್‌ಗೂ ಮೊದಲು 40 ಅಕ್ಷರಗಳ ಹ್ಯಾಶ್ (ಆ ಕಮಿಟ್‌ನ ಗುರುತು), ಅದರ ಕೆಳಗೆ ಬರೆದವರ ಹೆಸರು ಮತ್ತು ಇಮೇಲ್, ಆಮೇಲೆ ದಿನಾಂಕ, ಒಂದು ಖಾಲಿ ಸಾಲು, ನಾಲ್ಕು ಸ್ಪೇಸ್‌ನಷ್ಟು ಒಳಗೆ ಸರಿದ ಸಂದೇಶ, ಕೊನೆಗೆ ಮತ್ತೊಂದು ಖಾಲಿ ಸಾಲು ಬರುತ್ತವೆ. ಸಂದೇಶ ಒಂದೇ ಸಾಲಿನದಾದರೂ ಕಮಿಟ್ ಒಂದಕ್ಕೆ ಆರು ಸಾಲು ಖರ್ಚಾಗುವುದರಿಂದ, 24 ಸಾಲುಗಳ ಹಳೆಯ ಅಳತೆಯ ಟರ್ಮಿನಲ್ಲಿನಲ್ಲಿ ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಕಮಿಟ್‌ಗಳು ಕಾಣುವುದಿಲ್ಲ. ಗಿಟ್ಟಿನ ಲೆಕ್ಕದಲ್ಲಿ ಈ ರೂಪದ ಹೆಸರು ‘ಮೀಡಿಯಮ್’. ಒಂದು ಕಮಿಟ್ ಅನ್ನು ನಿಧಾನವಾಗಿ ಓದುವುದಕ್ಕೆ ಇದು ಸರಿಯಾಗಿಯೇ ಇದೆ. ಆದರೆ ನಾವು ಲಾಗ್ ತೆರೆಯುವುದು ಹೆಚ್ಚಾಗಿ ಬೇರೆ ಕಾರಣಗಳಿಗೆ. ಹೋದ ವಾರ ಮುಖ್ಯ ಶಾಖೆಗೆ ಏನೇನು ಸೇರಿತು, ಈ ಸಾಲನ್ನು ಬದಲಿಸಿದವರು ಯಾರು, ಬಿಡುಗಡೆಯ ಟಿಪ್ಪಣಿಗೆ ಯಾವ ಶೀರ್ಷಿಕೆಗಳನ್ನು ಎತ್ತಿಕೊಳ್ಳಬೇಕು ಎಂಬಂಥ ಪ್ರಶ್ನೆಗಳಿಗೆ ಒಂದೇ ರೂಪ ಸಾಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಣ್ಣಿಗೆಂದು ಕಟ್ಟಿಕೊಂಡ ರೂಪವನ್ನೇ ಸ್ಕ್ರಿಪ್ಟಿನ ಬಾಯಿಗೂ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಬರಹದಲ್ಲಿ ಆ ಎರಡು ರೂಪಗಳನ್ನು ಬೇರೆ ಬೇರೆಯಾಗಿ ಕಟ್ಟಿಕೊಳ್ಳುವುದು ಹೇಗೆಂದು ಹೇಳುತ್ತೇನೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ; ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಿಗೆ ತಿರುಗಿಸಿಕೊಳ್ಳಬೇಕು.

ಸಿದ್ಧರೂಪಗಳಲ್ಲಿ ಎಲ್ಲರಿಗೂ ಗೊತ್ತಿರುವುದು ‘--ಒನ್‌ಲೈನ್’. ಇದು ಹ್ಯಾಶನ್ನು ಮೊಟಕುಗೊಳಿಸಿ, ಸಂದೇಶದ ಶೀರ್ಷಿಕೆಯನ್ನಷ್ಟೇ ಉಳಿಸಿ, ಕಮಿಟ್ ಒಂದಕ್ಕೆ ಒಂದೇ ಸಾಲು ಕೊಡುತ್ತದೆ. ಇದರಲ್ಲಿ ದಿನಾಂಕವೂ ಇಲ್ಲ, ಹೆಸರೂ ಇಲ್ಲ. ಆದ್ದರಿಂದ ನಾಲ್ಕಾರು ಜನ ಸೇರಿ ಕೆಲಸ ಮಾಡುವ ರೆಪೊಸಿಟರಿಯಲ್ಲಿ (ಗಿಟ್ ಇತಿಹಾಸ ಕಾಯುವ ಕಡತಗಳ ಕೋಶದಲ್ಲಿ) ಬೇಗನೆ ಸಾಲದಾಗುತ್ತದೆ. ‘ಶಾರ್ಟ್’, ‘ಫುಲ್’, ‘ಫುಲ್ಲರ್’, ‘ರೆಫರೆನ್ಸ್’ ಎಂಬ ಬೇರೆ ಸಿದ್ಧರೂಪಗಳೂ ಇವೆ. ಇವುಗಳಲ್ಲಿ ‘ಫುಲ್ಲರ್’ ಒಂದನ್ನು ನೆನಪಿಟ್ಟುಕೊಂಡರೆ ಸಾಕು, ಅದರ ಉಪಯೋಗ ದಿನಾಂಕದ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ನಮ್ಮದೇ ರೂಪ ಬೇಕೆಂದರೆ ‘--ಪ್ರೆಟಿ=ಫಾರ್ಮ್ಯಾಟ್:’ ಎಂದು ಬರೆದು, ಅದರ ಮುಂದೆ ಶೇಕಡಾ ಚಿಹ್ನೆಯಿಂದ ಶುರುವಾಗುವ ಸಂಕೇತಗಳನ್ನು ಜೋಡಿಸಬೇಕು. ಶೇಕಡಾ ಚಿಹ್ನೆಯ ಮುಂದೆ ಸಣ್ಣಕ್ಷರದ ಎಚ್ ಬಂದರೆ ಮೊಟಕು ಹ್ಯಾಶ್, ದೊಡ್ಡಕ್ಷರದ್ದಾದರೆ ಪೂರ್ತಿ ಹ್ಯಾಶ್. ‘%ಎಸ್’ ಎಂದರೆ ಶೀರ್ಷಿಕೆ, ‘%ಎಎನ್’ ಎಂದರೆ ಬರೆದವರ ಹೆಸರು, ‘%ಎಡಿ’ ಎಂದರೆ ಬರೆದ ದಿನಾಂಕ, ‘%ಡಿ’ ಎಂದರೆ ಆ ಕಮಿಟ್‌ಗೆ ಅಂಟಿರುವ ಶಾಖೆ ಮತ್ತು ಟ್ಯಾಗುಗಳ ಹೆಸರು. ಸಿದ್ಧರೂಪಗಳನ್ನು ಟರ್ಮಿನಲ್ಲಿನಲ್ಲಿ ನೋಡುವಾಗ ಶಾಖೆ, ಟ್ಯಾಗುಗಳ ಹೆಸರು ತಾನಾಗಿಯೇ ಕಾಣುತ್ತದೆ. ಸ್ವಂತ ರೂಪ ಕಟ್ಟಿದ ಕೂಡಲೇ ಅದು ಮಾಯವಾಗುವುದರಿಂದ ‘%ಡಿ’ಯನ್ನು ನಾವೇ ಸೇರಿಸಬೇಕಾಗುತ್ತದೆ. ನನ್ನ ನಿತ್ಯದ ರೂಪದಲ್ಲಿ ಮೊದಲು ಮೊಟಕು ಹ್ಯಾಶ್, ಆಮೇಲೆ ದಿನಾಂಕ, ಶಾಖೆಯ ಹೆಸರು, ಶೀರ್ಷಿಕೆ, ಕಟ್ಟಕಡೆಗೆ ಬರೆದವರ ಹೆಸರು ಬರುತ್ತವೆ. ಮೊದಲ ಎರಡು ಅಂಶಗಳ ಅಗಲ ಹೆಚ್ಚುಕಡಿಮೆ ಸ್ಥಿರವಾಗಿರುವುದರಿಂದ ಅವು ಕಂಬದಂತೆ ನೆಟ್ಟಗೆ ನಿಲ್ಲುತ್ತವೆ, ಉದ್ದ ಏರುಪೇರಾಗುವಂಥವು ಬಲಕ್ಕೆ ಹೋಗುತ್ತವೆ.

ಹೆಸರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಒಬ್ಬರೇ ವ್ಯಕ್ತಿ ಕಚೇರಿಯ ಲ್ಯಾಪ್‌ಟಾಪಿನಿಂದ ಒಂದು ಹೆಸರಿನಲ್ಲಿ, ಮನೆಯ ಯಂತ್ರದಿಂದ ಇನ್ನೊಂದು ಹೆಸರಿನಲ್ಲಿ ಕಮಿಟ್ ಮಾಡಿರುವುದು ಸಾಮಾನ್ಯ. ಅದನ್ನು ಒಂದಾಗಿಸಲು ರೆಪೊಸಿಟರಿಯ ಬುಡದಲ್ಲಿ ‘.ಮೇಲ್‌ಮ್ಯಾಪ್’ ಎಂಬ ಕಡತವನ್ನು ಇಡುತ್ತಾರೆ. ಲಿನಕ್ಸ್ ಕರ್ನೆಲ್‌ನ ಮೂಲದಲ್ಲೂ ಗಿಟ್ಟಿನ ಸ್ವಂತ ಮೂಲದಲ್ಲೂ ಇಂಥ ಕಡತವಿದೆ. ಸಿದ್ಧರೂಪಗಳು ಅದನ್ನು ಓದಿಕೊಂಡೇ ಹೆಸರು ತೋರಿಸುತ್ತವೆ. ಆದರೆ ‘%ಎಎನ್’ ಸಂಕೇತದ ಎನ್ ಸಣ್ಣಕ್ಷರವಾಗಿದ್ದರೆ ಕಮಿಟ್‌ನಲ್ಲಿ ದಾಖಲಾದ ಹೆಸರೇ ಬರುತ್ತದೆ, ದೊಡ್ಡಕ್ಷರವಾಗಿದ್ದರೆ ಮಾತ್ರ ತಿದ್ದಿದ ಹೆಸರು ಬರುತ್ತದೆ. ಯಾರು ಎಷ್ಟು ಕಮಿಟ್ ಮಾಡಿದ್ದಾರೆಂದು ಸ್ವಂತ ರೂಪದಿಂದ ಎಣಿಸುವವರು ಈ ಒಂದು ಅಕ್ಷರವನ್ನು ಗಮನಿಸದಿದ್ದರೆ ಒಬ್ಬರು ಇಬ್ಬರಾಗಿ ಹಂಚಿಹೋಗುತ್ತಾರೆ.

ದಿನಾಂಕದ್ದು ಇದಕ್ಕಿಂತ ದೊಡ್ಡ ಕಥೆ, ಏಕೆಂದರೆ ಪ್ರತಿ ಕಮಿಟ್‌ಗೂ ಎರಡು ದಿನಾಂಕಗಳಿರುತ್ತವೆ: ಬದಲಾವಣೆಯನ್ನು ಮೊದಲು ಬರೆದದ್ದು ಯಾವಾಗ ಎಂಬುದು ಒಂದು, ಈಗಿರುವ ರೂಪದಲ್ಲಿ ಅದು ಕಮಿಟ್ ಆದದ್ದು ಯಾವಾಗ ಎಂಬುದು ಇನ್ನೊಂದು. ಸಾಮಾನ್ಯವಾಗಿ ಎರಡೂ ಒಂದೇ ಆಗಿರುತ್ತವೆ. ರೀಬೇಸ್ (ಕಮಿಟ್‌ಗಳನ್ನು ಬೇರೊಂದು ಕಮಿಟ್‌ನ ಮೇಲೆ ಮತ್ತೆ ಕಟ್ಟುವುದು) ಅಥವಾ ಅಮೆಂಡ್ (ಕೊನೆಯ ಕಮಿಟ್ ಅನ್ನು ತಿದ್ದುವುದು) ಮಾಡಿದಾಗ ಮೊದಲನೆಯದು ಹಾಗೆಯೇ ಉಳಿದು ಎರಡನೆಯದು ಹೊಸದಾಗುತ್ತದೆ. ಮೀಡಿಯಮ್ ರೂಪ ತೋರಿಸುವುದು ಮೊದಲನೆಯದನ್ನು. ಆದರೆ ‘--ಸಿನ್ಸ್’ ಎಂದು ಕೊಟ್ಟಾಗ ಗಿಟ್ ಸೋಸುವುದು ಎರಡನೆಯದರ ಮೇಲೆ, ಸಾಲುಗಳನ್ನು ಜೋಡಿಸುವಾಗ ನೋಡುವುದೂ ಎರಡನೆಯದನ್ನೇ. ಹೀಗಾಗಿ ಸೋಮವಾರದಿಂದೀಚೆಗಿನ ಕಮಿಟ್‌ಗಳನ್ನು ಕೇಳಿದಾಗ ನಡುವೆ ಹೋದ ತಿಂಗಳ ದಿನಾಂಕ ಹೊತ್ತ ಸಾಲೊಂದು ಬಂದು ಕೂತಿದ್ದರೆ, ಅದು ಗಿಟ್ಟಿನ ದೋಷವಲ್ಲ, ಯಾರೋ ಹಳೆಯ ಕೆಲಸವನ್ನು ಈಚೆಗೆ ರೀಬೇಸ್ ಮಾಡಿದ್ದಾರೆ ಎಂದಷ್ಟೇ ಅರ್ಥ. ಎರಡನ್ನೂ ಒಟ್ಟಿಗೆ ನೋಡಬೇಕೆನಿಸಿದಾಗ ‘ಫುಲ್ಲರ್’ ಒದಗುತ್ತದೆ. ಸ್ವಂತ ರೂಪದಲ್ಲಿ ‘%ಎಡಿ’ ಬದಲು ‘%ಸಿಡಿ’ ಬರೆದರೆ ಎರಡನೆಯ ದಿನಾಂಕ ಸಿಗುತ್ತದೆ. ಹಲವರು ರೀಬೇಸ್ ಮಾಡುವ ರೆಪೊಸಿಟರಿಗಳಲ್ಲಿ ನಾನು ಅದನ್ನೇ ಬಳಸುತ್ತೇನೆ.

ದಿನಾಂಕವನ್ನು ಯಾವ ಗಡಿಯಾರದ ಪ್ರಕಾರ ತೋರಿಸಬೇಕು ಎಂಬುದು ಇನ್ನೊಂದು ಪ್ರಶ್ನೆ. ಗಿಟ್ ಮೊದಲಿನಿಂದಲೂ ಬರೆದವರ ಸ್ಥಳೀಯ ಸಮಯವನ್ನೇ, ಅವರ ಕಾಲವಲಯದ ಅಂತರದೊಂದಿಗೆ ತೋರಿಸುತ್ತದೆ. ಗಿಟ್ಟಿನ ಮೂಲವನ್ನು ಇಳಿಸಿಕೊಂಡಿರುವವರು ಲಿನಸ್ ಟೋರ್ವಾಲ್ಡ್ಸ್ ಮಾಡಿದ ಅದರ ಮೊದಲ ಕಮಿಟ್ ಅನ್ನು ‘--ಡೇಟ್=ಐಎಸ್‌ಒ’ ಎಂದು ಕೊಟ್ಟು ನೋಡಬಹುದು; ಅಲ್ಲಿ 2005-04-07 15:13:13 -0700 ಎಂದು ಕಾಣುತ್ತದೆ. ಅದನ್ನೇ ಬೆಂಗಳೂರಿನ ಯಂತ್ರದಲ್ಲಿ ‘--ಡೇಟ್=ಐಎಸ್‌ಒ-ಲೋಕಲ್’ ಎಂದು ಕೇಳಿದರೆ 2005-04-08 03:43:13 +0530 ಎಂದು ಬರುತ್ತದೆ. ಗಳಿಗೆ ಒಂದೇ, ತಾರೀಖು ಮಾತ್ರ ಬೇರೆ. ಅಮೆರಿಕದಲ್ಲಿ ಅರ್ಧ ತಂಡ, ಇಲ್ಲಿ ಅರ್ಧ ತಂಡ ಇರುವ ಕಡೆ ‘--ಡೇಟ್=ಶಾರ್ಟ್’ ಕೊಟ್ಟು ತಾರೀಖನ್ನಷ್ಟೇ ಉಳಿಸಿಕೊಂಡಾಗ, ಅವರು ಏಳರಂದು ಮಾಡಿದೆವೆಂದು ಹೇಳುವ ಕೆಲಸ ನಮ್ಮ ಸರ್ವರ್ ಲಾಗಿನಲ್ಲಿ ಎಂಟರಂದು ಏಕಿದೆ ಎಂಬ ವಾದ ಎದ್ದೇ ಏಳುತ್ತದೆ. ‘--ಡೇಟ್=ರಿಲೇಟಿವ್’ ಕೊಟ್ಟರೆ ಬರುವ ‘ಮೂರು ವಾರದ ಹಿಂದೆ’ ಎಂಬ ಬಗೆಯ ದಿನಾಂಕ ಇವತ್ತಿನ ಕೆಲಸ ನೋಡುವುದಕ್ಕೆ ಹಿತವಾಗಿದೆ; ಆದರೆ ಅದನ್ನು ನಕಲು ಮಾಡಿ ವರದಿಗೋ ಇಮೇಲಿಗೋ ಅಂಟಿಸಿದರೆ ಮರುವಾರವೇ ಅದು ಸುಳ್ಳಾಗುತ್ತದೆ. ‘ಲಾಗ್.ಡೇಟ್’ ಎಂಬ ಕಾನ್ಫಿಗ್‌ನಲ್ಲಿ (ಗಿಟ್ಟಿನ ಹೊಂದಿಕೆಯಲ್ಲಿ) ಇಷ್ಟವಾದದ್ದನ್ನು ಬರೆದಿಟ್ಟರೆ ಪ್ರತಿ ಸಲವೂ ಟೈಪ್ ಮಾಡುವ ಗೋಜಿರುವುದಿಲ್ಲ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಕೇತಗಳ ಮೊದಲು ‘%ಸಿ(ಆಟೋ)’ ಎಂದು, ಸಿ ದೊಡ್ಡಕ್ಷರದಲ್ಲಿ ಹಾಕಿದರೆ ಗಿಟ್ ತನ್ನ ರೂಢಿಯ ಬಣ್ಣಗಳನ್ನೇ ಹ್ಯಾಶ್‌ಗೂ ಶಾಖೆಯ ಹೆಸರುಗಳಿಗೂ ಹಚ್ಚುತ್ತದೆ, ಔಟ್‌ಪುಟ್ ಕಡತಕ್ಕೆ ಹೋಗುವಾಗ ತಾನಾಗಿ ಬಣ್ಣ ತೆಗೆಯುತ್ತದೆ. ಐದಾರು ಬಣ್ಣಗಳನ್ನು ಕೈಯಾರೆ ಹಚ್ಚಿದ ಉದ್ದುದ್ದ ಅಲಿಯಾಸ್‌ಗಳು (ಕಮಾಂಡಿಗೆ ಇಟ್ಟುಕೊಂಡ ಅಡ್ಡಹೆಸರುಗಳು) ಎಲ್ಲೆಡೆ ಹರಿದಾಡುತ್ತವೆ. ಎಲ್ಲವೂ ಎದ್ದು ಕಾಣುವಲ್ಲಿ ಯಾವುದೂ ಎದ್ದು ಕಾಣುವುದಿಲ್ಲವಾದ್ದರಿಂದ ಅವು ನನಗೆ ಒಗ್ಗಲಿಲ್ಲ. ‘--ಗ್ರಾಫ್’ ವಿಷಯದಲ್ಲೂ ಅಷ್ಟೆ: ಕವಲುಗಳಿಲ್ಲದ ಇತಿಹಾಸದಲ್ಲಿ ಅದು ಎಡಗಡೆ ನಕ್ಷತ್ರಗಳ ಸಾಲೊಂದನ್ನು ಎಳೆಯುತ್ತದೆ, ಕವಲುಗಳು ಹೆಚ್ಚಾದಲ್ಲಿ ಗೆರೆಗಳೇ ಅರ್ಧ ಪರದೆಯನ್ನು ತಿನ್ನುತ್ತವೆ. ಮುಖ್ಯ ಶಾಖೆಗೆ ಏನು ಸೇರಿತೆಂದು ತಿಳಿಯುವುದಷ್ಟೇ ಉದ್ದೇಶವಾಗಿದ್ದರೆ ‘--ಫಸ್ಟ್-ಪೇರೆಂಟ್’ ಹೆಚ್ಚು ಸ್ವಚ್ಛವಾದ ಉತ್ತರ ಕೊಡುತ್ತದೆ. ಉದ್ದದ ಸಾಲುಗಳು ಮಡಚಿಕೊಂಡು ರೂಪ ಕೆಡುತ್ತಿದ್ದರೆ ತೊಂದರೆ ಇರುವುದು ಗಿಟ್ಟಿನಲ್ಲಲ್ಲ, ಅದು ಬಳಸುವ ‘ಲೆಸ್’ ಎಂಬ ಪೇಜರಿನಲ್ಲಿ (ಔಟ್‌ಪುಟ್ ಅನ್ನು ಪರದೆ ಪರದೆಯಾಗಿ ತೋರಿಸುವ ತಂತ್ರಾಂಶದಲ್ಲಿ); ‘ಕೋರ್.ಪೇಜರ್’ ಕಾನ್ಫಿಗ್‌ಗೆ ‘ಲೆಸ್ -ಎಸ್’ ಎಂದು, ಎಸ್ ದೊಡ್ಡಕ್ಷರದಲ್ಲಿ ಕೊಟ್ಟರೆ ಸಾಲುಗಳು ಮಡಚುವುದಿಲ್ಲ, ಬಾಣದ ಕೀಲಿಯಿಂದ ಬಲಕ್ಕೆ ಸರಿದು ಓದಬಹುದು.

ಕನ್ನಡದಲ್ಲಿ ಕಡತಗಳ ಹೆಸರಿಡುವವರಿಗೆ, ಅನುವಾದ ಮತ್ತು ಸ್ಥಳೀಕರಣದ ಕೆಲಸ ಮಾಡುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ‘--ನೇಮ್-ಓನ್ಲಿ’ ಕೊಟ್ಟು ಬದಲಾದ ಕಡತಗಳ ಪಟ್ಟಿ ಕೇಳಿದರೆ ಕನ್ನಡದ ಹೆಸರುಗಳ ಜಾಗದಲ್ಲಿ ಹಿಂಬದಿ ಓರೆಗೆರೆಗಳೂ ಅಂಕಿಗಳೂ ತುಂಬಿದ ಸಾಲುಗಳು ಬರುತ್ತವೆ. ಉದಾಹರಣೆಗೆ, ‘ಕ’ ಎಂಬ ಒಂದು ಅಕ್ಷರ ಉದ್ಧರಣ ಚಿಹ್ನೆಗಳ ನಡುವೆ \340\262\225 ಎಂದು ಕಾಣಿಸುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟ್‌ಗಳಿದ್ದು, ಗಿಟ್ ಅವುಗಳನ್ನು ಎಂಟರ ಆಧಾರದ ಸಂಖ್ಯೆಗಳಾಗಿ ಬರೆದಿರುವುದೇ ಇದಕ್ಕೆ ಕಾರಣ. ‘ಕೋರ್.ಕೋಟ್‌ಪಾತ್’ ಕಾನ್ಫಿಗ್ ಅನ್ನು ‘ಫಾಲ್ಸ್’ ಮಾಡಿದರೆ ಕನ್ನಡದ ಹೆಸರುಗಳು ಕನ್ನಡದಲ್ಲೇ ಬರುತ್ತವೆ. ಯಂತ್ರದ ಲೋಕೇಲ್ (ಭಾಷೆ, ಲಿಪಿಗಳ ಹೊಂದಿಕೆ) ಯುಟಿಎಫ್-8 ಆಗಿರದಿದ್ದರೆ ಮಾತ್ರ ‘ಲೆಸ್’ ತಾನೂ ಆ ಬೈಟ್‌ಗಳನ್ನು ಕೋನಾಕಾರದ ಆವರಣಗಳಲ್ಲಿ ಬಿಡಿಬಿಡಿಯಾಗಿ ತೋರಿಸುತ್ತದೆ. ಕಂಟೇನರುಗಳಲ್ಲಿ, ಹೊಸದಾಗಿ ಎಬ್ಬಿಸಿದ ಸರ್ವರುಗಳಲ್ಲಿ ಇದು ಕಾಣಸಿಗುತ್ತದೆ.

ಅಂಕಣ ಹೊಂದಿಸುವುದರಲ್ಲೂ ಕನ್ನಡಕ್ಕೆ ತನ್ನದೇ ಪೇಚಿದೆ. ‘%<(20,ಟ್ರಂಕ್)’ ಎಂಬ ಸಂಕೇತ ತನ್ನ ನಂತರದ ಅಂಶವನ್ನು 20 ಅಂಕಣಗಳ ಅಗಲಕ್ಕೆ ಹಿಗ್ಗಿಸುತ್ತದೆ, ಉದ್ದವಾದರೆ ಎರಡು ಚುಕ್ಕೆ ಹಾಕಿ ಕತ್ತರಿಸುತ್ತದೆ. ಇಂಗ್ಲಿಷ್ ಹೆಸರುಗಳಿಗೆ ಇದು ಅಂದವಾಗಿ ಕೂರುತ್ತದೆ. ‘ಕ್ಷ’ದಂಥ ಒತ್ತಕ್ಷರ ಒಳಗೆ ಮೂರು ಯುನಿಕೋಡ್ ಸಂಕೇತಗಳ ಸರಪಳಿಯಾಗಿರುವುದರಿಂದ, ಅದಕ್ಕೆ ಎಷ್ಟು ಅಂಕಣ ಬೇಕೆಂಬ ಗಿಟ್ಟಿನ ಲೆಕ್ಕವೂ ಟರ್ಮಿನಲ್ ಮತ್ತು ಫಾಂಟ್ ಸೇರಿ ಬಿಡಿಸುವ ಅಗಲವೂ ಹೊಂದಬೇಕೆಂದೇನೂ ಇಲ್ಲ, ಅಕ್ಷರದ ಮಧ್ಯದಲ್ಲೇ ಕತ್ತರಿ ಬೀಳುವ ಸಾಧ್ಯತೆಯೂ ಇದೆ. ಕನ್ನಡ ಬರಬಹುದಾದ ಅಂಶಗಳನ್ನು, ಎಂದರೆ ಶೀರ್ಷಿಕೆಯನ್ನೂ ಹೆಸರನ್ನೂ, ಸಾಲಿನ ಬಲತುದಿಗೆ ತಳ್ಳಿ ಅವುಗಳಿಗೆ ಅಗಲದ ಕಟ್ಟು ಹಾಕದಿರುವುದೇ ನಾನು ಕಂಡುಕೊಂಡ ದಾರಿ. ನನ್ನ ರೂಪದಲ್ಲಿ ಹೆಸರು ಕೊನೆಗಿರುವುದಕ್ಕೆ ಇದೂ ಒಂದು ಕಾರಣ.

ಕಟ್ಟಿದ ರೂಪವನ್ನು ಉಳಿಸಿಕೊಳ್ಳಲು ಮೂರು ಜಾಗಗಳಿವೆ. ‘ಅಲಿಯಾಸ್.ಎಲ್‌ಜಿ’ ಎಂಬಂತೆ ಹೊಸ ಕಮಾಂಡ್ ಮಾಡಿಕೊಳ್ಳಬಹುದು. ‘ಲಾಗ್’ ಎಂಬ ಹೆಸರಿಗೇ ಅಲಿಯಾಸ್ ಕೊಡಲು ಹೊರಟರೆ ಗಿಟ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರೂಪಕ್ಕಷ್ಟೇ ಹೆಸರಿಟ್ಟು ‘ಪ್ರೆಟಿ.’ ಎಂಬ ಕಾನ್ಫಿಗ್ ವಿಭಾಗದಲ್ಲಿ ಬರೆದಿಡಬಹುದು; ಆಗ ಅದು ‘ಒನ್‌ಲೈನ್’ ಹಾಗೆಯೇ ಎಲ್ಲ ಕಡೆ ಬಳಕೆಗೆ ಸಿಗುತ್ತದೆ, ಬೇಕಾದಾಗ ಬೇರೆ ಆಯ್ಕೆಗಳೊಂದಿಗೆ ಬೆರೆಸಲೂ ಬರುತ್ತದೆ. ನನಗೆ ಇದೇ ಹೆಚ್ಚು ಇಷ್ಟ. ಮೂರನೆಯದು ‘ಫಾರ್ಮ್ಯಾಟ್.ಪ್ರೆಟಿ’, ಇದು ‘ಗಿಟ್ ಲಾಗ್’ನ ಮೂಲ ನಡವಳಿಕೆಯನ್ನೇ ಬದಲಿಸುತ್ತದೆ, ಜೊತೆಗೆ ‘ಗಿಟ್ ಶೋ’ವನ್ನೂ ಬದಲಿಸುತ್ತದೆ.

ಸ್ಕ್ರಿಪ್ಟುಗಳ ವಿಷಯದಲ್ಲಿ ಎಚ್ಚರ ಬೇಕಾಗುವುದು ಇಲ್ಲಿಂದಲೇ. ಒಬ್ಬರ ಯಂತ್ರದಲ್ಲಿ ‘ಫಾರ್ಮ್ಯಾಟ್.ಪ್ರೆಟಿ’ ಬೇರೆ ಇದ್ದರೆ, ರೂಪವನ್ನು ಹೇಳದೆ ಬರಿಯ ‘ಗಿಟ್ ಲಾಗ್’ ಕರೆದು ಅದರ ಸಾಲುಗಳನ್ನು ಒಡೆಯುವ ಸ್ಕ್ರಿಪ್ಟ್ ಅಲ್ಲಿ ಮುರಿದುಬೀಳುತ್ತದೆ. ರೂಪ ಹೇಳಿದರೂ ಇನ್ನೊಂದು ಅಂಶವನ್ನು ಗಮನಿಸಬೇಕು. ‘--ಪ್ರೆಟಿ=ಫಾರ್ಮ್ಯಾಟ್:’ ಎಂದು ಬರೆದಾಗ ಗಿಟ್ ಎರಡು ಕಮಿಟ್‌ಗಳ ನಡುವೆ ಮಾತ್ರ ಹೊಸಸಾಲು ಹಾಕುತ್ತದೆ, ಕೊನೆಯದರ ನಂತರ ಹಾಕುವುದಿಲ್ಲ. ಇದರ ಔಟ್‌ಪುಟ್ ಅನ್ನು ಸಾಲುಗಳನ್ನು ಎಣಿಸುವ ‘ಡಬ್ಲ್ಯುಸಿ -ಎಲ್’ಗೆ ಪೈಪ್ ಮಾಡಿದರೆ ಎಣಿಕೆ ಒಂದು ಕಡಿಮೆ ಬರುತ್ತದೆ, ಶೆಲ್‌ನಲ್ಲಿ ‘ವೈಲ್ ರೀಡ್’ ಲೂಪಿಗೆ ಕೊಟ್ಟರೆ ಕೊನೆಯ ಕಮಿಟ್ ಲೂಪಿನೊಳಕ್ಕೆ ಬರುವುದೇ ಇಲ್ಲ. ಲಾಗಿನಲ್ಲಿ ಕೊನೆಗೆ ಬರುವುದು ಎಲ್ಲಕ್ಕಿಂತ ಹಳೆಯ ಕಮಿಟ್ ಆದ್ದರಿಂದ ಅದು ತಪ್ಪಿಹೋದದ್ದು ಬಹಳ ದಿನ ಯಾರ ಕಣ್ಣಿಗೂ ಬೀಳದಿರಬಹುದು. ‘ಟಿಫಾರ್ಮ್ಯಾಟ್:’ ಎಂದು ಬರೆದರೆ ಪ್ರತಿ ಕಮಿಟ್‌ನ ಕೊನೆಗೂ ಹೊಸಸಾಲು ಬರುತ್ತದೆ; ‘--ಫಾರ್ಮ್ಯಾಟ್=’ ಎಂದು ಚಿಕ್ಕದಾಗಿ ಬರೆದು ನೇರವಾಗಿ ಸಂಕೇತಗಳನ್ನು ಕೊಟ್ಟಾಗಲೂ ಗಿಟ್ ಇದನ್ನೇ ಅನುಸರಿಸುತ್ತದೆ. ಬರಿಯ ಎಣಿಕೆಯೇ ಬೇಕಾಗಿದ್ದರೆ ಲಾಗಿನ ಗೊಡವೆಯೇ ಬೇಡ, ‘ಗಿಟ್ ರೆವ್-ಲಿಸ್ಟ್ --ಕೌಂಟ್ ಹೆಡ್’ ಸಾಕು.

ಅಂಶಗಳ ನಡುವೆ ಅಲ್ಪವಿರಾಮವನ್ನೋ ಲಂಬ ಗೆರೆಯನ್ನೋ ಹಾಕಿ ಒಡೆಯುವುದು ಸುಲಭವೆನಿಸುತ್ತದೆ. ಆದರೆ ಶೀರ್ಷಿಕೆಯಲ್ಲಿ ಅವೆರಡೂ ಬರಬಹುದು, ಯಾವಾಗಲಾದರೊಮ್ಮೆ ಬಂದೇ ಬರುತ್ತವೆ. ‘%ಎಕ್ಸ್00’ ಎಂದು ಬರೆದರೆ ಶೂನ್ಯ ಬೈಟ್ ಬರುತ್ತದೆ, ಅದು ಸಂದೇಶದೊಳಗೆ ಇರಲು ಸಾಧ್ಯವಿಲ್ಲದ ಕಾರಣ ಬೇರ್ಪಡಿಸುವುದಕ್ಕೆ ಅದರಷ್ಟು ಭದ್ರವಾದದ್ದು ಬೇರೊಂದಿಲ್ಲ. ಸಂದೇಶದ ಪೂರ್ತಿ ಒಡಲೂ ಬೇಕೆಂದಾದರೆ ಅದರಲ್ಲಿ ಹೊಸಸಾಲುಗಳಿರುವುದರಿಂದ ‘-ಜೆಡ್’ ಸೇರಿಸಿ ಕಮಿಟ್‌ಗಳನ್ನೂ ಶೂನ್ಯ ಬೈಟ್‌ನಿಂದಲೇ ಬೇರ್ಪಡಿಸಬೇಕು, ಪ್ರತಿ ಕಮಿಟ್‌ನಲ್ಲಿ ಎಷ್ಟು ಅಂಶಗಳಿವೆ ಎಂಬ ಎಣಿಕೆಯ ಮೇಲೆ ಒಡೆದುಕೊಳ್ಳಬೇಕು. ದಿನಾಂಕಕ್ಕೆ ‘--ಡೇಟ್=ಐಎಸ್‌ಒ-ಸ್ಟ್ರಿಕ್ಟ್’ ಎಂದು ಕಮಾಂಡಿನಲ್ಲೇ ಬರೆಯಬೇಕು, ಇಲ್ಲವಾದರೆ ಬಳಸುವವರ ‘ಲಾಗ್.ಡೇಟ್’ ಏನಿದೆಯೋ ಅದು ಒಳನುಗ್ಗುತ್ತದೆ. ‘ಲಾಗ್.ಶೋಸಿಗ್ನೇಚರ್’ ಹಾಕಿಕೊಂಡವರ ಯಂತ್ರದಲ್ಲಿ ಸಹಿ ಪರಿಶೀಲನೆಯ ಸಾಲುಗಳು ನಡುವೆ ನುಸುಳುವುದರಿಂದ ‘--ನೋ-ಶೋ-ಸಿಗ್ನೇಚರ್’ ಅನ್ನೂ, ಬಣ್ಣ ಬಲವಂತವಾಗಿ ಹಾಕಿಸಿಕೊಂಡವರಿಗಾಗಿ ‘--ನೋ-ಕಲರ್’ ಅನ್ನೂ ಅದೇ ಸಾಲಿಗೆ ಸೇರಿಸಿಬಿಡುವುದು ಒಳ್ಳೆಯದು.