ಟ್ರೈಪಾಡ್ ಇಲ್ಲದೆ ಚಿತ್ರ ಅಲುಗದಂತೆ ತೆಗೆಯುವುದು ಹೇಗೆ?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕದ ಸುತ್ತಮುತ್ತಲಿನ ಯಕ್ಷಗಾನ ಬಯಲಾಟಗಳ ಚಿತ್ರ ತೆಗೆಯುವ ನನ್ನನ್ನು ಹೊಸದಾಗಿ ಕ್ಯಾಮರಾ ಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ನೀವು ಟ್ರೈಪಾಡ್ ತರುವುದಿಲ್ಲ, ಆದರೂ ರಾತ್ರಿಯ ಚಿತ್ರಗಳು ಅಲುಗಿರುವುದಿಲ್ಲ. ಅದಕ್ಕೆ ಏನು ಬಳಸುತ್ತೀರಿ?” ನನ್ನ ಚೀಲದಲ್ಲಿರುವುದು ಒಂದು ಹುರಿ ಮತ್ತು ಕಾಳು ತುಂಬಿದ ಒಂದು ಪುಟ್ಟ ಗಂಟು, ಇಷ್ಟೇ.

ಮೊದಲು ನಾನೂ ಟ್ರೈಪಾಡ್ ಒಯ್ಯುತ್ತಿದ್ದೆ. ಆಟದ ಬಯಲಿನಲ್ಲಿ ಜನ ಚಾಪೆ ಹಾಸಿ ಒತ್ತೊತ್ತಾಗಿ ಕುಳಿತಿರುವಾಗ ಅದರ ಮೂರು ಕಾಲುಗಳು ಇಬ್ಬರ ಜಾಗವನ್ನು ನುಂಗುತ್ತವೆ, ಹಿಂದಿನವರಿಗೆ ರಂಗಸ್ಥಳವನ್ನೂ ಮರೆಮಾಡುತ್ತವೆ. ಒಂದು ರಾತ್ರಿ ಕತ್ತಲಲ್ಲಿ ಎದ್ದು ಹೊರಟ ವೃದ್ಧೆಯೊಬ್ಬರು ಅದರ ಕಾಲಿಗೆ ಎಡವಿ ಬಿದ್ದರು. ಅವರಿಗೆ ಹೆಚ್ಚಿನ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ನಾನು ಅದನ್ನು ಆಟಕ್ಕೆ ಒಯ್ದಿಲ್ಲ. ಬೇಕಲ ಕೋಟೆಯಂತಹ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಥಳಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕಾಗುತ್ತದೆ.

ಸಾಧನ ಕೊಳ್ಳುವ ಮೊದಲು ಕೈ ಅಲುಗಿದ್ದರಿಂದ ಕೆಟ್ಟ ಚಿತ್ರವನ್ನು ಗುರುತಿಸಲು ಕಲಿಯಬೇಕು. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಇಡುವ ಚುಟ್ಟಿಯ ಸಾಲನ್ನು ಕ್ಯಾಮರಾದ ಪರದೆಯ ಮೇಲೆ ಹಿಗ್ಗಿಸಿ ನೋಡಿರಿ. ಪ್ರತಿಯೊಂದು ಚುಟ್ಟಿಯ ತುದಿಯೂ, ರಂಗಸ್ಥಳದ ಹಿಂದಿನ ಬಟ್ಟೆಯ ಪರದೆಯ ಮಡಿಕೆಯೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅಲುಗಿದ್ದು ನಿಮ್ಮ ಕೈ. ಆ ಬಟ್ಟೆ ಸ್ಪಷ್ಟವಾಗಿದ್ದು ಮುಖ ಮಾತ್ರ ಮಸುಕಾಗಿದ್ದರೆ ಅಲುಗಿದವರು ಕಲಾವಿದರು. ಅದಕ್ಕೆ ಹುರಿಯೂ ಟ್ರೈಪಾಡೂ ಮದ್ದಲ್ಲ, ಶಟರ್, ಅಂದರೆ ಕ್ಯಾಮರಾದೊಳಗೆ ಬೆಳಕು ಬಿಡುವ ಬಾಗಿಲು, ತೆರೆದು ಮುಚ್ಚುವ ವೇಗವನ್ನೇ ಏರಿಸಬೇಕು. ದಿಗಿಣ ಹಾರುವ (ಸುತ್ತುತ್ತ ನೆಗೆಯುವ) ವೇಷಕ್ಕೆ ನಾನು 1/500 ಸೆಕೆಂಡಿಗಿಂತ ಕೆಳಗೆ ಇಳಿಯುವುದಿಲ್ಲ. ಆದರೆ ಅದೇ ವೇಷಧಾರಿ ರಥದ (ರಂಗಸ್ಥಳದ ಪೀಠದ) ಮೇಲೆ ಕುಳಿತು ಅರ್ಥ (ಮಾತುಗಾರಿಕೆ) ಹೇಳುವಾಗ ಮುಖ ಬಹಳ ಹೊತ್ತು ಸ್ಥಿರವಾಗಿರುತ್ತದೆ. ಕೈಗೆ ಆಧಾರ ಕೊಟ್ಟರೆ ಆಗ 1/50ರಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ.

ಆಧಾರವಿಲ್ಲದ ಕೈಗೆ ಒಂದು ಹಳೆಯ ಲೆಕ್ಕವಿದೆ: ಲೆನ್ಸ್ 200 ಮಿಲಿಮೀಟರಿನದಾದರೆ ಶಟರ್ 1/200 ಸೆಕೆಂಡಿಗಿಂತ ನಿಧಾನವಾಗಬಾರದು. APS-C ಎಂಬ ಸಣ್ಣ ಸೆನ್ಸರಿನ (ಚಿತ್ರ ಹಿಡಿಯುವ ಚಿಪ್ಪಿನ) ಕ್ಯಾಮರಾಗಳಲ್ಲಿ ಅದನ್ನು ಒಂದೂವರೆ ಪಟ್ಟು ಮಾಡಿ 1/300 ಎಂದು ಹಿಡಿಯಬೇಕು. ಹುರಿಯ ಸಹಾಯವಿದ್ದರೆ ನನ್ನ ಕೈಯಲ್ಲಿ ಸಾಮಾನ್ಯವಾಗಿ ಅದರ ನಾಲ್ಕನೆಯ ಒಂದು ಪಾಲು ವೇಗವೂ ಸಾಕಾಗುತ್ತದೆ.

ಹುರಿಯ ಉಪಕರಣವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಕ್ಯಾಮರಾದ ತಳದಲ್ಲಿರುವ ತೂತು ಕಾಲಿಂಚಿನದು, ಇಂಚಿಗೆ 20 ಸುತ್ತಿನ ತಿರುಪಿನ ಮರೆ (ಥ್ರೆಡ್) ಉಳ್ಳದ್ದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 6 ಮಿಲಿಮೀಟರಿನ ಬೋಲ್ಟು ನೋಡುವುದಕ್ಕೆ ಹಾಗೆಯೇ ಇದ್ದರೂ ಅದರ ಸುತ್ತು ಬೇರೆ. ಬಲವಂತವಾಗಿ ತಿರುಗಿಸಿದರೆ ಕ್ಯಾಮರಾದ ಮರೆ ಹಾಳಾಗುತ್ತದೆ. ಆದ್ದರಿಂದ ಕಾಲಿಂಚಿನ ಬೋಲ್ಟನ್ನೇ, ತಲೆಯಲ್ಲಿ ಬಳೆಯಿರುವುದನ್ನು, ಕೇಳಿ ತನ್ನಿರಿ. ಅದಕ್ಕೊಂದು ನಟ್ಟು, ವಾಷರು ಹಾಕಿ, ಒಳಗೆ ಹೋಗುವ ಭಾಗ 5 ಮಿಲಿಮೀಟರಿಗೆ, ಅಂದರೆ ಸುಮಾರು ನಾಲ್ಕು ಸುತ್ತಿಗೆ, ನಿಲ್ಲುವಂತೆ ಮಾಡಿರಿ. ಹೆಚ್ಚು ಉದ್ದದ ಬೋಲ್ಟು ತಳವನ್ನೇ ಒಡೆಯಬಹುದು. ಬಳೆಗೆ ಕಟ್ಟುವ ಹುರಿ ಎಳೆದರೆ ಹಿಗ್ಗಬಾರದು. ನೈಲಾನ್ ಹಿಗ್ಗುತ್ತದೆ; ನಾನು ಬಳಸುವುದು ಹತ್ತಿಯ ಲಾಡಿ. ಮೊಬೈಲಿನಲ್ಲಿ ಇಂತಹ ತೂತು ಇರುವುದಿಲ್ಲವಾದ್ದರಿಂದ, ಕಾಲಿಂಚಿನ ತೂತುಳ್ಳ ಮೊಬೈಲ್ ಹಿಡಿಕೆಯೊಂದು ಬೇಕಾಗುತ್ತದೆ.

ಹುರಿಯ ಕೆಳತುದಿಯನ್ನು ಪಾದದಡಿ ಮೆಟ್ಟಿ, ಕ್ಯಾಮರಾವನ್ನು ಕಣ್ಣಿನ ಮಟ್ಟಕ್ಕೆ ತಂದು, ಹುರಿ ಬಿಗಿಯಾಗುವವರೆಗೆ ಮೇಲಕ್ಕೆ ಎಳೆಯಬೇಕು. ತೂಕವನ್ನು ಗಾಳಿಯಲ್ಲಿ ಹಿಡಿದಿರುವ ತೋಳು ನಡುಗುತ್ತಲೇ ಇರುತ್ತದೆ. ಜಗ್ಗದ ಹುರಿಯನ್ನು ಒಂದೇ ಸಮನೆ ಎಳೆಯುವಾಗ ಮೇಲೆ ಕೆಳಗೆ ಆಡುವ ಆ ನಡುಕಕ್ಕೆ ಎಡೆ ಸಿಗುವುದಿಲ್ಲ. ಪಕ್ಕಕ್ಕೆ ತೂಗುವುದನ್ನೂ ತಡೆಯಬೇಕಾದರೆ ಹುರಿಯನ್ನು ಇಮ್ಮಡಿ ಉದ್ದ ಮಾಡಿ, ಅಗಲಿಸಿದ ಎರಡೂ ಪಾದಗಳ ಅಡಿಯಲ್ಲಿ ಹಾಯಿಸಿ, ತ್ರಿಕೋನದ ಶಿಖರದಲ್ಲಿ ಕ್ಯಾಮರಾ ಇರುವಂತೆ ಹಿಡಿಯಬೇಕು. ಚಾಪೆಯ ಮೇಲೆ ಕುಳಿತಾಗ ಮೆಟ್ಟುವ ಬದಲು ಮೊಣಕಾಲಿನಡಿ ಸಿಕ್ಕಿಸಿದರೆ ಸಾಕು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರನ್ನು ಅರ್ಧ ಬಿಟ್ಟು, ಒಂದೇ ಒತ್ತಿಗೆ ಮೂರು ನಾಲ್ಕು ಚಿತ್ರ ತೆಗೆಯಿರಿ. ಮೊದಲನೆಯದು ಬೆರಳು ಒತ್ತಿದ ಅದುರಿಗೆ ಕೆಡಬಹುದು, ನಡುವಿನವು ಹೆಚ್ಚಾಗಿ ಉಳಿದುಕೊಳ್ಳುತ್ತವೆ.

ಗೋಡೆ, ಕಟ್ಟೆ ಇರುವಲ್ಲಿ ಹುರಿಗಿಂತ ಕಾಳಿನ ಗಂಟೇ ಮೇಲು. ಬೇಕಲ ಕೋಟೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಒರಟು. ಬರಿಯ ಕ್ಯಾಮರಾವನ್ನು ಅದರ ಮೇಲಿಟ್ಟರೆ ವಾಲುತ್ತದೆ, ಗೀಚುತ್ತದೆ. ಅಂಗೈಯಗಲದ ದಪ್ಪ ಬಟ್ಟೆಯ ಚೀಲಕ್ಕೆ ಮುಕ್ಕಾಲು ಭಾಗ ಹೆಸರುಕಾಳನ್ನೋ ಕುಚ್ಚಲಕ್ಕಿಯನ್ನೋ ತುಂಬಿ ಹೊಲಿದರೆ ಅದು ಕೆಳಗೆ ಕಲ್ಲಿನ ಗುಳಿಗಳಿಗೂ ಮೇಲೆ ಲೆನ್ಸಿಗೂ ಒಗ್ಗಿ ಕೂರುತ್ತದೆ. ಪೂರ್ತಿ ತುಂಬಿದರೆ ಚೆಂಡಿನಂತೆ ಉರುಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಗೋಡೆಯಿಂದ ಕಡಲಿನ ಕಡೆಗೆ, ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆದುಬಿಟ್ಟು, ಪೂರ್ತಿ ಒಂದು ಸೆಕೆಂಡಿನ ಚಿತ್ರಗಳನ್ನು ತೆಗೆದಿದ್ದೇನೆ. ಅಲೆಗಳು ಹಾಲಿನಂತೆ ಹರಡಿ, ಬಂಡೆಗಳ ಅಂಚು ಖಚಿತವಾಗಿ ಉಳಿಯುತ್ತದೆ. ಲೆನ್ಸಿನಲ್ಲಿ ಕಂಪನ ತಡೆಯುವ ವ್ಯವಸ್ಥೆಯಿದ್ದರೆ ಇಂತಹ ಗಟ್ಟಿ ಆಧಾರದ ಮೇಲೆ ಅದನ್ನು ಆಫ್ ಮಾಡುತ್ತೇನೆ. ಹುರಿ ಬಳಸುವಾಗ ಅದನ್ನು ಆನ್ ಆಗಿಯೇ ಬಿಡುತ್ತೇನೆ.

ಒಂಟಿಕಾಲಿನ ಮೊನೊಪಾಡ್ ಭಾರದ ಲೆನ್ಸಿಗೆ, ಹಕ್ಕಿಗಳ ಚಿತ್ರಕ್ಕೆ ಯೋಗ್ಯವಾದುದು. ಬಾಗುವ ಕಾಲುಗಳ ಪುಟ್ಟ ಸ್ಟ್ಯಾಂಡನ್ನು ಅಡಕೆ ಮರಕ್ಕೂ ಗೇಟಿನ ಸರಳಿಗೂ ಸುತ್ತಬಹುದು, ಮಡಚಿ ಎದೆಗೆ ಒತ್ತಿಯೂ ಹಿಡಿಯಬಹುದು. ಕ್ಯಾಮರಾವನ್ನು ಸಮತೋಲದಲ್ಲಿಡುವ ಮೋಟಾರಿನ ಹಿಡಿಕೆಯಾದ ಗಿಂಬಲ್ ಇರುವುದು ನಡೆಯುತ್ತ ವೀಡಿಯೊ ಮಾಡುವವರಿಗೆ. ಚಿತ್ರಕ್ಕಾಗಿ ಅದನ್ನು ಕೊಳ್ಳಬೇಡಿರೆಂದೇ ನಾನು ಹೇಳುತ್ತೇನೆ.

ನಮ್ಮ ಕಡಲ ತೀರದವರಿಗೆ ಇನ್ನೊಂದು ಮಾತು. ಉಪ್ಪುಗಾಳಿಗೆ ಕಬ್ಬಿಣದ ಬೋಲ್ಟು ತುಕ್ಕು ಹಿಡಿದು ಕ್ಯಾಮರಾದೊಳಗೇ ಕಚ್ಚಿಕೊಳ್ಳುತ್ತದೆ; ಸ್ಟೇನ್‌ಲೆಸ್ ಸ್ಟೀಲಿನದನ್ನೋ ಹಿತ್ತಾಳೆಯದನ್ನೋ ಆರಿಸಿಕೊಳ್ಳಿರಿ, ಕೆಲಸ ಮುಗಿದೊಡನೆ ಬಿಚ್ಚಿಡಿರಿ. ಮಳೆಗಾಲಕ್ಕೆ ಮೊದಲು ಗಂಟಿನ ಹೊಲಿಗೆ ಬಿಚ್ಚಿ ಕಾಳನ್ನು ಹೊರಗೆ ಸುರಿದುಬಿಡುವುದು ಒಳ್ಳೆಯದು. ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳಲ್ಲಿ) ಬೂಷ್ಟು ಹಿಡಿದ ಗಂಟಿನ ವಾಸನೆ ಕ್ಯಾಮರಾ ಚೀಲದಿಂದ ಮತ್ತೆ ಹೋಗುವುದಿಲ್ಲ.