ಪಾನಕದ ಯಂತ್ರಕ್ಕೊಂದು ತಕ್ಕಡಿ

ಏಪ್ರಿಲ್ 14, 2024, ಭಾನುವಾರ
ಬೆಂಗಳೂರು

ಬುಧವಾರ ರಾಮನವಮಿ. ನಮ್ಮ ಬೀದಿಯಲ್ಲಿ ಹಂಚುವ ಪಾನಕವನ್ನು ಲೋಟಕ್ಕೆ ಅಳೆದು ಸುರಿಯುವ ಕೆಲಸವನ್ನು ಈ ಸಲ ನಾನು ಕಟ್ಟುತ್ತಿರುವ ಯಂತ್ರಕ್ಕೆ ಒಪ್ಪಿಸಬೇಕೆಂದಿದ್ದೇನೆ. ಬೆಲ್ಲದ ಪಾಕ, ನಿಂಬೆರಸ, ನೀರು ಇವುಗಳಿಗೆ ಒಂದೊಂದು ಪಂಪು, ಪಂಪುಗಳನ್ನು ನಡೆಸಲು ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಲೋಟದ ಅಡಿಯಲ್ಲಿ ತೂಕ ನೋಡುವ ಲೋಡ್ ಸೆಲ್. ಎಸ್.ಪಿ. ರಸ್ತೆಯ ಅಂಗಡಿಗಳನ್ನು ಒಂದು ಸುತ್ತು ಹಾಕಿದರೆ ಇವೆಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ.

ಇಂತಹ ಯಂತ್ರವನ್ನು ಮನೆಯಲ್ಲಿ ಕಟ್ಟುವ ಹಲವರು ಪಂಪನ್ನು ಇಂತಿಷ್ಟು ಸೆಕೆಂಡು ಓಡಿಸಿ ನಿಲ್ಲಿಸುವ ಸುಲಭದ ದಾರಿಯನ್ನು ಹಿಡಿಯುತ್ತಾರೆ. ನೀರಿಗೆ ಅದು ಸಾಕು. ಪಾಕಕ್ಕೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಕ್ಕರೆ ಮತ್ತು ನೀರನ್ನು ಸಮತೂಕದಲ್ಲಿ ಬೆರೆಸಿದ ಪಾಕದ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನದಕ್ಕಿಂತ ಸುಮಾರು 15 ಪಟ್ಟು ಹೆಚ್ಚಿರುತ್ತದೆ ಮತ್ತು ಬಿಸಿ ಏರಿದಂತೆ ಇಳಿಯುತ್ತದೆ. ಬೆಲ್ಲದ ಪಾಕದ ಸ್ವಭಾವವೂ ಅದೇ. ಪಾಕಕ್ಕೆ ಬಳಸುವ ಪೆರಿಸ್ಟಾಲ್ಟಿಕ್ ಪಂಪಿನೊಳಗೆ ಉರುಳೆಗಳು ಸಿಲಿಕೋನ್ ಕೊಳವೆಯನ್ನು ಒತ್ತುತ್ತಾ ಸಾಗುತ್ತವೆ. ಒತ್ತಿಸಿಕೊಂಡ ಕೊಳವೆ ಮತ್ತೆ ಉಬ್ಬುವಾಗ ಹಿಂದಿನಿಂದ ದ್ರವವನ್ನು ಎಳೆದುಕೊಳ್ಳುತ್ತದೆ. ದ್ರವ ಮಂದವಾಗಿದ್ದರೆ ಕೊಳವೆ ಪೂರ್ತಿ ತುಂಬುವ ಮೊದಲೇ ಮುಂದಿನ ಉರುಳೆ ಬಂದುಬಿಡುತ್ತದೆ. ಹಾಗಾಗಿ ಬೆಳಗಿನ ತಂಪಿನಲ್ಲಿ ಕೂಡಿಸಿಟ್ಟ ಸೆಕೆಂಡುಗಳ ಲೆಕ್ಕದಲ್ಲಿಯೇ ಸುರಿದರೆ, ಏಪ್ರಿಲ್ ತಿಂಗಳ ಮಧ್ಯಾಹ್ನದ ಹೊತ್ತಿಗೆ ಪಾನಕ ಬಾಯಿಗಿಡಲಾರದಷ್ಟು ಸಿಹಿಯಾದೀತು.

ಆದ್ದರಿಂದ ಗಡಿಯಾರವನ್ನು ಬದಿಗಿಟ್ಟು ತಕ್ಕಡಿಯನ್ನು ನಂಬಿದ್ದೇನೆ. ಲೋಟವನ್ನಿಟ್ಟೊಡನೆ ಅದರ ತೂಕವನ್ನೇ ಸೊನ್ನೆಯೆಂದು ಹಿಡಿದು, ಪಾಕ 40 ಗ್ರಾಂ, ನಿಂಬೆರಸ 8 ಗ್ರಾಂ, ನೀರು 150 ಗ್ರಾಂ ಎಂದು ಒಂದಾದ ಮೇಲೊಂದನ್ನು ಸುರಿಯುವಂತೆ ಪ್ರೋಗ್ರಾಂ ಬರೆದಿದ್ದೇನೆ. ಪಾಕವು ನೀರಿಗಿಂತ ಸಾಂದ್ರವಾದುದರಿಂದ 40 ಗ್ರಾಂ ಎಂದರೆ ಸುಮಾರು 33 ಮಿಲಿಲೀಟರ್ ಮಾತ್ರ. ಅಳತೆಯನ್ನೆಲ್ಲ ತೂಕದಲ್ಲಿಯೇ ಬರೆದಿಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ. ಲೋಡ್ ಸೆಲ್ ಎಂಬುದು ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುವ ಅಲ್ಯೂಮಿನಿಯಂ ತುಂಡು. ಅದರ ಮೇಲೆ ಅಂಟಿಸಿರುವ ತಂತುಗಳ ವಿದ್ಯುತ್ ರೋಧ ಬಾಗುವಿಕೆಗೆ ತಕ್ಕಂತೆ ಬದಲಾಗುತ್ತದೆ. ಎಚ್‌ಎಕ್ಸ್711 ಎಂಬ 24 ಬಿಟ್‌ನ ಚಿಪ್ಪು ಆ ಸೂಕ್ಷ್ಮ ವ್ಯತ್ಯಾಸವನ್ನು ಹಿಗ್ಗಿಸಿ ಅಂಕಿಯಾಗಿಸುತ್ತದೆ. ಇಂದು ಬೆಳಗ್ಗೆ ಕಿರಾಣಿ ಅಂಗಡಿಯಿಂದ 200 ಗ್ರಾಂ ತೂಕದ ಕಲ್ಲನ್ನು ಕೇಳಿ ತಂದು ಅದಕ್ಕೆ ಸರಿಹೊಂದಿಸಿದೆ. ಪಂಪುಗಳ ನಡುಕ ತಕ್ಕಡಿಗೆ ತಾಗದಂತೆ ಅವುಗಳನ್ನು ಬೇರೆಯೇ ಹಲಗೆಗೆ ಬಿಗಿದಿದ್ದೇನೆ.

ನೀರಿನ ಪಂಪಿನ ಮಾತೇ ಬೇರೆ. ಅದು ಒಳಗಿನ ಪೊರೆಯೊಂದು ಹಿಂದೆಮುಂದೆ ಆಡಿ ನೀರನ್ನು ತಳ್ಳುವ ಡಯಾಫ್ರಮ್ ಬಗೆಯದು, ನಿಮಿಷಕ್ಕೆ ಸುಮಾರು ಒಂದು ಲೀಟರ್ ಎತ್ತುತ್ತದೆ, ಅಂದರೆ ಸೆಕೆಂಡಿಗೆ 16 ಗ್ರಾಂಗೂ ಹೆಚ್ಚು. ಎಚ್‌ಎಕ್ಸ್711 ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ತೂಕ ಓದುವುದರಿಂದ ಎರಡು ಓದುಗಳ ನಡುವೆಯೇ ಒಂದೂವರೆ ಗ್ರಾಂ ದಾಟಿರುತ್ತದೆ. ಅದರ ಮೇಲೆ, ಬೀಳುವ ಧಾರೆಯ ಹೊಡೆತವೂ ತೂಕವೆಂದೇ ಎಣಿಕೆಯಾಗುತ್ತದೆ. ಗುರಿಗೆ 20 ಗ್ರಾಂ ಬಾಕಿಯಿರುವಾಗ ಪಂಪಿನ ವೇಗವನ್ನು ಇಳಿಸಿದರೆ ಈ ಎರಡೂ ತೊಡಕುಗಳು ತಗ್ಗುತ್ತವೆ. ನೀರಿನ ಪಾತ್ರೆಯನ್ನು ಲೋಟಕ್ಕೆ ಸುರಿಯುವ ಮೂತಿಗಿಂತ ಕೆಳಗೇ ಇಡಬೇಕು, ಏಕೆಂದರೆ ಈ ಪಂಪಿನ ಕವಾಟಗಳು ಮುಂದಕ್ಕೆ ಹರಿಯುವ ನೀರನ್ನು ತಡೆಯುವುದಿಲ್ಲ; ಪಾತ್ರೆ ಮೇಲಿದ್ದರೆ ಪಂಪು ನಿಂತ ಮೇಲೂ ನೀರು ಇಳಿಯುತ್ತಲೇ ಇರುತ್ತದೆ.

ವೇಗ ಇಳಿಸಬೇಕೆಂದರೆ ಸುಮ್ಮನೆ ಹಚ್ಚಿ ಆರಿಸುವ ರಿಲೇ ಸ್ವಿಚ್ಚು ಕೆಲಸಕ್ಕೆ ಬಾರದು, ವಿದ್ಯುತ್ತನ್ನು ಅತಿ ವೇಗವಾಗಿ ಬಿಟ್ಟು ತಡೆಯಬಲ್ಲ ಎಲೆಕ್ಟ್ರಾನಿಕ್ ಸ್ವಿಚ್ಚಾದ ಮಾಸ್ಫೆಟ್ ಬೇಕು. ಊನೋ ಬೋರ್ಡಿನ ಪಿನ್ನು 5 ವೋಲ್ಟ್‌ನಲ್ಲಿ 20 ಮಿಲಿಆಂಪಿಯರ್ ಕೊಡುವುದಕ್ಕಷ್ಟೇ ತಕ್ಕದ್ದು. 12 ವೋಲ್ಟ್‌ನ ಮೋಟಾರಿಗೆ ಅದು ಏನೇನೂ ಸಾಲದು. ನಾನು ಬಳಸಿರುವುದು ಪಿನ್ನಿನ 5 ವೋಲ್ಟಿಗೇ ತೆರೆದುಕೊಳ್ಳುವ ಐಆರ್‌ಎಲ್‌ಝಡ್44ಎನ್ ಎಂಬ ಮಾಸ್ಫೆಟ್. ನೋಡಲು ಥೇಟ್ ಹಾಗೆಯೇ ಇರುವ ಐಆರ್‌ಎಫ್540 ಪೂರ್ತಿ ತೆರೆದುಕೊಳ್ಳಲು 10 ವೋಲ್ಟ್ ಕೇಳುತ್ತದೆ, ಆದ್ದರಿಂದ ಕೊಳ್ಳುವಾಗ ಮೈಮೇಲಿನ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಬೇಕು. ಮೋಟಾರಿನ ಎರಡು ತುದಿಗಳಿಗೆ ಅಡ್ಡಲಾಗಿ ಒಂದು ಡಯೋಡನ್ನು, ಪಟ್ಟೆಯಿರುವ ತುದಿ ಧನ ತಂತಿಯ ಕಡೆಗಿರುವಂತೆ ಬೆಸೆದರೆ, ಮೋಟಾರು ನಿಲ್ಲುವಾಗ ಹುಟ್ಟುವ ಹಿಮ್ಮುಖ ವೋಲ್ಟೇಜ್ ಮಾಸ್ಫೆಟ್ಟನ್ನು ಸುಡುವುದಿಲ್ಲ. ಮಾಸ್ಫೆಟ್ಟನ್ನು ತೆರೆದು ಮುಚ್ಚುವ ಕಾಲಾದ ಗೇಟಿನಿಂದ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿನ ತಂತಿಗೆ, 10 ಕಿಲೋಓಮ್ ರೆಸಿಸ್ಟರನ್ನೂ ಮರೆಯುವಂತಿಲ್ಲ: ಬೋರ್ಡು ಏಳುವ ಕ್ಷಣದಲ್ಲಿ ಪಿನ್ನುಗಳು ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ತೇಲುತ್ತಿರುವಾಗ ಪಂಪು ತಾನಾಗಿ ಓಡದಂತೆ ಹಿಡಿದಿಡುವುದು ಅದೇ.

ಸಂಜೆಯೆಲ್ಲ ಅಡುಗೆಮನೆಯ ಕೆಲಸವೇ ಆಯಿತು. ಬೆಲ್ಲದಲ್ಲಿ ಕಸ, ಮರಳು ಇದ್ದೇ ಇರುತ್ತವೆ. ಏಲಕ್ಕಿ ಮತ್ತು ಶುಂಠಿಯ ಪುಡಿ ತಳದಲ್ಲಿ ಕೂತು ಕೊಳವೆಯನ್ನು ಕಟ್ಟುತ್ತದೆ. ಹೀಗಾಗಿ ಏಲಕ್ಕಿ, ಶುಂಠಿಗಳನ್ನು ಪಾಕದಲ್ಲಿಯೇ ಕುದಿಸಿ, ಆರಿದ ಮೇಲೆ ಇಡೀ ಪಾಕವನ್ನು ತೆಳುಬಟ್ಟೆಯಲ್ಲಿ ಸೋಸಿದೆವು. ಯಂತ್ರದಿಂದ ಇಳಿದ ಪಾನಕವನ್ನು ಅಮ್ಮ ಕುಡಿದು ನೋಡಿ, "ಸಿಹಿ ಹದವಾಗಿದೆ ಕಣೋ, ಶುಂಠಿ ಇನ್ನೊಂದು ಚೂರು ಮುಂದಿರಲಿ" ಎಂದರು. ಪಾಕ ಹೋಗುವ ದಾರಿಯನ್ನು ಕೆಲಸ ಮುಗಿದೊಡನೆ ಬಿಸಿನೀರಿನಿಂದ ತೊಳೆಯಲೇಬೇಕು. ಈ ಸೆಕೆಯಲ್ಲಿ ಕೊಳವೆಯೊಳಗೆ ಉಳಿದ ಬೆಲ್ಲದ ನೀರು ಬೇಗ ಹುಳಿಯುತ್ತದೆ, ಕುಡಿಯುವವರಲ್ಲಿ ಪುಟ್ಟ ಮಕ್ಕಳೂ ಇರುತ್ತಾರೆ. ಕೊಳವೆ ಆಹಾರಕ್ಕೆ ಯೋಗ್ಯವಾದ ಸಿಲಿಕೋನಿನದೇ ಆಗಿರಬೇಕು ಎಂದು ನಾನು ಹಟ ಹಿಡಿಯುವುದೂ ಇದಕ್ಕಾಗಿಯೇ.

ನಾಳೆ ಪ್ರೋಗ್ರಾಮಿಗೆ ಎರಡು ತಪಾಸಣೆಗಳನ್ನು ಸೇರಿಸಬೇಕು. ತಕ್ಕಡಿಯ ಮೇಲೆ ಸ್ಟೀಲ್ ಲೋಟದ ಭಾರ ಕಾಣದಿದ್ದರೆ ಅಥವಾ ಸುರಿಯುವಾಗ ಯಾರಾದರೂ ಲೋಟ ಎತ್ತಿಬಿಟ್ಟರೆ ಮೂರೂ ಪಂಪುಗಳು ಕೂಡಲೇ ನಿಲ್ಲಬೇಕು. ಪಂಪು ಓಡುತ್ತಿದ್ದರೂ ಎರಡು ಸೆಕೆಂಡು ತೂಕ ಏರದಿದ್ದರೆ ಪಾತ್ರೆ ಬರಿದಾಗಿದೆ ಎಂದು ತಿಳಿದು ಕೆಂಪು ದೀಪ ಹತ್ತಬೇಕು.