ಸಂವಹನದ ತರಗತಿಯಲ್ಲಿ ಕ್ಯೂಸೆಕ್ ಲೆಕ್ಕ ಏಕೆ?

ಪ್ರವೇಶದ ಹೊತ್ತಿಗೆ ಪೋಷಕರು, ಪರೀಕ್ಷೆಯ ಹೊತ್ತಿಗೆ ವಿದ್ಯಾರ್ಥಿಗಳು, ವರ್ಷವಿಡೀ ಸಹೋದ್ಯೋಗಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಪದವಿಯ ಮೊದಲ ಸೆಮಿಸ್ಟರಿನ ಸಂವಹನ ಪರಿಚಯ ಪತ್ರಿಕೆಯಲ್ಲಿ ಟಿಎಂಸಿ, ಕ್ಯೂಸೆಕ್ ಎಂದು ನೀರಿನ ಲೆಕ್ಕ ಹಾಕಿಸುವುದೇಕೆ? ಅದು ಎಂಜಿನಿಯರುಗಳ ಕೆಲಸವಲ್ಲವೇ?

ನನ್ನ ಉತ್ತರ ನನ್ನದೇ ತಪ್ಪಿನಿಂದ ಆರಂಭವಾಗುತ್ತದೆ. ವರದಿಗಾರನಾಗಿ ಸೇರಿದ ಹೊಸತರಲ್ಲಿ ‘ಜಲಾಶಯದಿಂದ 5,000 ಕ್ಯೂಸೆಕ್ ನೀರು ಹರಿಸಲಾಯಿತು’ ಎಂದು ಬರೆದುಕೊಟ್ಟಿದ್ದೆ. ಡೆಸ್ಕಿನಲ್ಲಿದ್ದ ಹಿರಿಯರೊಬ್ಬರು ಕಣ್ಣೆತ್ತದೆ ‘ಎಷ್ಟು ಹೊತ್ತು?’ ಎಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕ್ಯೂಸೆಕ್ ಎಂಬುದು ನೀರಿನ ಪ್ರಮಾಣವಲ್ಲ, ಹರಿವಿನ ದರ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಟಿಎಂಸಿ ಎಂಬುದು ಪ್ರಮಾಣ. ನೂರು ಕೋಟಿ ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿಯಾಗುತ್ತದೆ. ಕಾಲವನ್ನು ಹೇಳದೆ ಕ್ಯೂಸೆಕ್ ಹೇಳುವುದು, ಎಷ್ಟು ದಿನದ ಕೂಲಿ ಎನ್ನದೆ ದಿನಗೂಲಿಯನ್ನಷ್ಟೇ ಹೇಳಿದಂತೆ.

ಇದು ಬರಿಯ ಗಣಿತವಲ್ಲ ಎಂಬುದನ್ನು ತೋರಿಸಲು ನಾನು ಪ್ರತಿ ವರ್ಷ 2016ರ ಸೆಪ್ಟೆಂಬರನ್ನು ಕಪ್ಪುಹಲಗೆಯ ಮೇಲೆ ಬಿಡಿಸುತ್ತೇನೆ. ಕಾವೇರಿ ವಿವಾದದಲ್ಲಿ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಹತ್ತು ದಿನ 15,000 ಕ್ಯೂಸೆಕ್‌ನಂತೆ ನೀರು ಹರಿಸಲು ಕರ್ನಾಟಕಕ್ಕೆ ಆದೇಶಿಸಿತು. 12ರಂದು ಅದನ್ನು ಮಾರ್ಪಡಿಸಿ, 12,000 ಕ್ಯೂಸೆಕ್‌ನಂತೆ 20ರವರೆಗೆ ಹರಿಸಬೇಕೆಂದಿತು. ದರ ನೋಡಿದರೆ ಇದು ಇಳಿಕೆ. ವಿದ್ಯಾರ್ಥಿಗಳು ಕೂಡಿಸಿ ನೋಡಿದಾಗ ಮೊದಲ ಆದೇಶ ಹದಿಮೂರು ಟಿಎಂಸಿಯ ಹತ್ತಿರ ನಿಲ್ಲುತ್ತದೆ. ಅಷ್ಟರಲ್ಲಿ ಹರಿದದ್ದನ್ನೂ ಸೇರಿಸಿದರೆ ಮಾರ್ಪಾಡಿನ ನಂತರದ ಒಟ್ಟು ಹದಿನಾರನ್ನು ದಾಟುತ್ತದೆ. ತರಗತಿಯಲ್ಲಿ ಆ ಕ್ಷಣ ಒಂದು ಬಗೆಯ ಮೌನ ಕವಿಯುತ್ತದೆ. ಮಾರ್ಪಾಡಿನ ಆದೇಶ ಬಂದ ಆ 12ರಂದೇ ಬೆಂಗಳೂರಿನಲ್ಲಿ ಬಸ್ಸು, ಲಾರಿಗಳು ಉರಿದವು, ವಾಹಿನಿಗಳು ಉರಿಯುವ ಬಸ್ಸುಗಳನ್ನು ಮತ್ತೆ ಮತ್ತೆ ತೋರಿಸಿದವು. ಅಮೆರಿಕದ ರಾಜ್ಯಶಾಸ್ತ್ರಜ್ಞ ಲಾಸ್‌ವೆಲ್ 1948ರಲ್ಲಿ ಕೇಳಿದ ‘ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಯಾವ ಪರಿಣಾಮದೊಂದಿಗೆ’ ಎಂಬ ಐದು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುವ ಬದಲು ಈ ಒಂದು ದಿನದ ಪರದೆಯ ಮೇಲೆ ಇಟ್ಟು ನೋಡಿದರೆ, ‘ಏನನ್ನು’ ಎಂಬಲ್ಲಿ ಲೆಕ್ಕ ತಿಳಿಯದವರ ಕೈ ಖಾಲಿಯಾಗಿ ಉಳಿಯುತ್ತದೆ.

ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ‘ಜಲಾಶಯ ಮಟ್ಟ’ದ ಪುಟ್ಟ ಚೌಕವನ್ನೂ ಕತ್ತರಿಸಿ ತರಲು ಹೇಳುತ್ತೇನೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಮಟ್ಟ 97 ಅಡಿಯಿದ್ದರೆ ಮುಕ್ಕಾಲು ತುಂಬಿದೆ ಎಂದು ಹೊಸಬರು ಬರೆಯುತ್ತಾರೆ; ಜಲಾಶಯ ಬೋಗುಣಿಯಂತೆ ಕೆಳಗೆ ಕಿರಿದು, ಮೇಲೆ ಅಗಲವಾದ್ದರಿಂದ ಆಗ ಇರುವ ನೀರು ಅರ್ಧಕ್ಕೂ ಕಡಿಮೆ. ಮಂಡ್ಯದ ಕಡೆಯಿಂದ ಬಂದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕನ್ನಂಬಾಡಿ ಕಟ್ಟೆಯ ಮಟ್ಟ ನೋಡದೆ ಅವರ ಮನೆಯಲ್ಲಿ ಪತ್ರಿಕೆಯ ಪುಟ ತಿರುಗುವುದಿಲ್ಲ.

ಒಂದೇ ಸಂಗತಿಯನ್ನು ಮಾಧ್ಯಮ ಯಾವ ಕೋನದಿಂದ ತೋರಿಸುತ್ತದೆ ಎಂದು ನೋಡುವ ಚೌಕಟ್ಟಿನ ಸಿದ್ಧಾಂತಕ್ಕೆ ಬಂದಾಗ ತಮಿಳು ಓದಬಲ್ಲ ವಿದ್ಯಾರ್ಥಿಯೊಬ್ಬರಾದರೂ ಇದ್ದರೆ ನನ್ನ ಕೆಲಸ ಹಗುರ. ನಮ್ಮ ಶೀರ್ಷಿಕೆಗಳಲ್ಲಿ ನಾವು ನೀರನ್ನು ‘ಬಿಡುತ್ತೇವೆ’. ಅಲ್ಲಿಯ ಶೀರ್ಷಿಕೆಗಳಲ್ಲಿ ನಮ್ಮದು ‘ಮರುಪ್ಪು’, ಅಂದರೆ ನಿರಾಕರಣೆ. ಸುಪ್ರೀಂ ಕೋರ್ಟಿನ 2018ರ ಫೆಬ್ರುವರಿ 16ರ ತೀರ್ಪು, ಗಡಿಯಲ್ಲಿ ನೀರು ಅಳೆಯುವ ತಾಣವಾದ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ವರ್ಷಕ್ಕೆ ಹರಿಸಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು; ಆ 14.75 ಟಿಎಂಸಿ ಇಲ್ಲಿ ಗಳಿಕೆ, ಅಲ್ಲಿ ನಷ್ಟ. ಸಂಖ್ಯೆ ಒಂದೇ, ಕ್ರಿಯಾಪದ ಬೇರೆ.

ಇನ್ನು ಅಮೆರಿಕದ ಮಾಧ್ಯಮ ಸಂಶೋಧಕರಾದ ಮೆಕೋಂಬ್ಸ್ ಮತ್ತು ಶಾ 1972ರಲ್ಲಿ ಮಂಡಿಸಿದ ಕಾರ್ಯಸೂಚಿ ಸಿದ್ಧಾಂತ. ಜನ ಹೇಗೆ ಯೋಚಿಸಬೇಕೆಂಬುದಕ್ಕಿಂತ ಯಾವುದರ ಬಗ್ಗೆ ಯೋಚಿಸಬೇಕೆಂಬುದನ್ನು ಮಾಧ್ಯಮ ತೀರ್ಮಾನಿಸುತ್ತದೆ ಎಂಬುದು ಅದರ ತಿರುಳು. ಇದಕ್ಕೆ ನಾನು ಕೋಲಾರವನ್ನು ಆರಿಸುತ್ತೇನೆ. ಅಲ್ಲಿ ಕೊಳವೆಬಾವಿಗಳು ಸಾವಿರ ಅಡಿಗೂ ಆಳಕ್ಕೆ ಇಳಿದಿವೆ, ನೀರಿನಲ್ಲಿ ಫ್ಲೋರೈಡ್ ಇದೆ. ಅದರಿಂದ ಹಲ್ಲಿನ ಮೇಲೆ ಮೂಡುವ ಕಂದು ಕಲೆಗೆ ಯಾವ ಬಂದ್ ದಿನಾಂಕವೂ ಇಲ್ಲ, ನ್ಯಾಯಾಲಯದ ಗಡುವೂ ಇಲ್ಲ. ಆದ್ದರಿಂದ ಅದಕ್ಕೆ ಮುಖಪುಟವೂ ಇಲ್ಲ. ಬೆಂಗಳೂರಿನ ಕೊಳವೆಬಾವಿಗಳು 2024ರ ಮಾರ್ಚಿನಲ್ಲಿ ಬತ್ತಿದಾಗ ಮಾತ್ರ ಅಂತರ್ಜಲ ಎಂಬುದು ರಾತ್ರೋರಾತ್ರಿ ಸುದ್ದಿಯಾಯಿತು. ಒಂದು ತಿಂಗಳ ಪತ್ರಿಕೆಗಳಲ್ಲಿ ಈ ಎರಡೂ ಊರುಗಳಿಗೆ ಸಿಕ್ಕ ಜಾಗವನ್ನು ಅಳತೆಪಟ್ಟಿ ಹಿಡಿದು ಅಳೆಯುವುದು ನನ್ನ ತರಗತಿಯ ಕಿರುಯೋಜನೆ.

ಪ್ರಶ್ನೆಪತ್ರಿಕೆಯಲ್ಲಿ ‘ಕಾರ್ಯಸೂಚಿ ಸಿದ್ಧಾಂತವನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆ ಈಗಲೂ ಇದೆ. ಒಪ್ಪಿಕೊಳ್ಳಬೇಕಾದ ಮಾತೆಂದರೆ, ಅದನ್ನು ಹಾಕುವವನೂ ನಾನೇ. ಆದರೆ ಆಂತರಿಕ ಅಂಕಗಳನ್ನು ಕೊಡುವಾಗ, ಕ್ಯೂಸೆಕ್ ಎಂದು ಬರೆದವರ ಉತ್ತರದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಎಷ್ಟು ಹೊತ್ತು?’ ಎಂದು ಬರೆದೇ ಮುಂದಕ್ಕೆ ಹೋಗುತ್ತೇನೆ.